ಗಿರಣಿ ಓಣಿಯ ಚಪ್ಪಡಿ

ನನ್ನ ಹೆಂಡತಿಯ ಅಪ್ಪ ಈ ನಗರದ ಮಳೆನೀರು ಚರಂಡಿಗಳಲ್ಲಿ ಮೂವತ್ತೆಂಟು ವರ್ಷ ದುಡಿದರು. ನನ್ನನ್ನು ಆ ಕೆಲಸಕ್ಕೆ ಸೇರಿಸಿದ್ದೂ ಅವರೇ. ಕಚೇರಿಯಲ್ಲಿದ್ದ ಹಳೆಯ ನಕ್ಷೆಯನ್ನು ಗೆದ್ದಲು ತಿಂದು ಮುಗಿಸಿತ್ತು. ಉಳಿದದ್ದು ಮಾವನ ತಲೆಯೊಳಗಿನ ನಕ್ಷೆ ಒಂದೇ. ಹಾರೆಯಿಂದ ಚಪ್ಪಡಿ ಕುಟ್ಟಿ, ಸದ್ದಿಗೆ ಕಿವಿ ಕೊಟ್ಟು, "ಆರಡಿ, ಅರ್ಧ ಹೂಳು" ಅನ್ನುತ್ತಿದ್ದರು. ತೆಗೆದು ನೋಡಿದರೆ ಅಷ್ಟೇ ಇರುತ್ತಿತ್ತು.

ನಿವೃತ್ತಿಗೆ ಒಂದು ವರ್ಷವಿದ್ದಾಗ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಇಂಜಿನಿಯರಮ್ಮ ಬಂದರು. ಮಾವ ಚರಂಡಿಯ ಮೇಲೆ ನಡೆಯಬೇಕು, ಆಕೆ ಯಂತ್ರ ಹಿಡಿದು ಹಿಂಬಾಲಿಸಬೇಕು. ಹೆಜ್ಜೆ ಹೋದಲ್ಲೆಲ್ಲ ಪರದೆಯ ಮೇಲೆ ನೀಲಿ ಗೆರೆ ಮೂಡುತ್ತಿತ್ತು.

"ನಿಧಾನ ನಡೀರಿ ತಾತ, ಯಂತ್ರಕ್ಕೆ ಏದುಸಿರು ಬರ್ತಿದೆ" ಎಂದರು ಆಕೆ.

"ಯಂತ್ರಕ್ಕೋ ತಾಯಿ, ನಿಮಗೋ?"

ನಾಲ್ಕು ತಿಂಗಳು ಹೀಗೆ ನಗುತ್ತ ನಡೆದರು. "ಅಳಿಯಂದ್ರೇ, ನಾನು ಸತ್ರೂ ಇನ್ನು ನೀರಿಗೆ ದಾರಿ ಗೊತ್ತಿರುತ್ತೆ" ಎಂದು ಊಟಕ್ಕೆ ಕೂತಾಗ ನನಗೆ ಹೇಳಿದರು. ಅವರ ಮುಖದಲ್ಲಿ ಅಷ್ಟು ಹೆಮ್ಮೆ ನಾನು ಕಂಡಿರಲಿಲ್ಲ.

ಮುಂದಿನ ಮಳೆಗಾಲದ ಮೊದಲ ಜೋರು ಮಳೆಗೇ ಗಿರಣಿ ಓಣಿಯಲ್ಲಿ ಸೊಂಟದ ತನಕ ನೀರು. ಮಾವ ಜ್ವರ ಬಂದು ಮಲಗಿದ್ದರು. ಪರದೆಯ ಪ್ರಕಾರ ಚರಂಡಿ ಆ ಓಣಿಗೆ ಹೋಗದೆ ಶಾಲೆ ಬೀದಿಯನ್ನು ಸುತ್ತಿ ಹೋಗುತ್ತಿತ್ತು. ಅಲ್ಲಿ ಕುಟ್ಟಿದೆವು, ಅಗೆದೆವು. ಗಟ್ಟಿ ನೆಲ. ಗಿರಣಿ ಓಣಿಯ ಕೆಲಸ ಹಿಂದೆ ಬೇರೆ ಕೆಲಸಗಾರರ ಗುಂಪಿನ ಪಾಲಾಗಿತ್ತು; ಅವರಲ್ಲಿ ಒಬ್ಬರೂ ಈಗ ಕೆಲಸದಲ್ಲಿರಲಿಲ್ಲ. ಮೂರು ಗಂಟೆ ಹೋಯಿತು. ಹನ್ನೊಂದು ಮನೆಗಳ ಹಾಸಿಗೆ, ಬಟ್ಟೆ, ಮಕ್ಕಳ ಪುಸ್ತಕ ತೇಲಿದವು.

ಸುದ್ದಿ ಕೇಳಿ ಮಾವ ಜ್ವರದಲ್ಲೇ ಬಂದರು. ಸಿಟ್ಟು ಬಂದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಎಲ್ಲರೆದುರೇ ಕೂಗಿದೆ: "ನಿಮಗೇನು ಅರಳು ಮರುಳಾ ಮಾವ? ಇಲ್ಲದ ಕಡೆ ಗೆರೆ ಎಳೆಸಿ ಮನೆಗಳನ್ನ ಮುಳುಗಿಸಿದ್ರಲ್ಲ!"

ಅವರು ನೀರಿಗಿಳಿದು ನೇರ ಗಿರಣಿಯ ಬಾಗಿಲಿನವರೆಗೆ ಹೋಗಿ, ಕಾಲಿನಿಂದ ತಡಕಿ, "ಇಲ್ಲಿ ಎತ್ತಿ" ಎಂದರು. ಕೊಕ್ಕೆ ಹಾಕಿ ಚಪ್ಪಡಿ ಎಳೆದೆವು. ನೀರು ಸದ್ದು ಮಾಡುತ್ತ ಇಳಿಯತೊಡಗಿತು.

ಮಾವ ಗಿರಣಿಯ ಮೆಟ್ಟಿಲ ಮೇಲೆ ಕುಸಿದು ಕೂತರು. "ನನ್ನ ತಮ್ಮ ಹೋಗಿದ್ದು ಇದರೊಳಗೇ. ನಾನೇ ಇಳಿಸಿದ್ದೆ. ಹಗ್ಗ ನನ್ನ ಕೈಲೇ ಇತ್ತು. ಆಮೇಲೆ ಈ ಓಣಿ ತುಳಿದಿಲ್ಲ. ಶಾಲೆ ಬೀದಿ ಸುತ್ತೋದು ಕಾಲಿಗೇ ರೂಢಿ. ಹಿಂದೆ ಯಂತ್ರ ಬರ್ತಿದೆ ಅನ್ನೋದೇ ಮರೆತೆ."

ಮಾವನ ಮನೆಯ ಗೋಡೆಯ ಮೇಲಿದ್ದ ಫೋಟೋದಲ್ಲಿನ ಆ ತಮ್ಮ ಕಾಯಿಲೆಯಿಂದ ಹೋದವನೆಂದೇ ನಾನು ತಿಳಿದಿದ್ದೆ. ಹದಿನಾರು ವರ್ಷ ಮಾವನ ಬೆನ್ನಿಗೇ ಶಾಲೆ ಬೀದಿ ಸುತ್ತಿದ್ದೇನೆ. ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ.

ವಾರದ ಮೇಲೆ ಇಂಜಿನಿಯರಮ್ಮ ಮತ್ತೆ ಬಂದರು. ಮಾವ ಓಣಿಯಲ್ಲಿ ನೇರ ನಡೆದು ಚಪ್ಪಡಿಯ ಮೇಲೆ ನಿಂತರು.

"ಇದಕ್ಕೊಂದು ಹೆಸರು ಬರೀಬಹುದಾ ತಾಯಿ?"

"ಇಲ್ಲ ತಾತ, ನಂಬರು, ಆಳ ಅಷ್ಟೇ ತಗೊಳುತ್ತೆ."

"ಒಂಬತ್ತಡಿ" ಎಂದರು ಮಾವ. ಹಾರೆಯಿಂದ ಕುಟ್ಟಲಿಲ್ಲ.

ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ತಪ್ಪಾಯ್ತು ಅನ್ನುವ ಒಂದು ಮಾತನ್ನು ನಾಳೆ, ನಾಳಿದ್ದು ಅಂತ ತಳ್ಳುತ್ತಲೇ ಇದ್ದೆ. ಈಗ ಮಳೆಗಾಲಕ್ಕೆ ಮುಂಚೆ ಮೊದಲು ಆ ಚಪ್ಪಡಿಯನ್ನೇ ತೆಗೆಸುತ್ತೇನೆ. ಓಣಿಯ ಮೂಲೆಗೆ ಬಂದಾಗ ಇವತ್ತಿಗೂ ನನ್ನ ಕಾಲು ಶಾಲೆ ಬೀದಿಯ ಕಡೆಗೇ ತಿರುಗುತ್ತದೆ.