ಅತ್ತೆಯ ಸೋಮವಾರಗಳು

ಸಂಜೆ ನಾಲ್ಕರ ಸುಮಾರಿಗೆ ನನ್ನ ಅತ್ತೆಯ ಮುಖ ಬದಲಾಗುತ್ತಿತ್ತು. ಮೊದಲು ಹಣೆಯ ಮೇಲೆ ಬೆವರು, ಆಮೇಲೆ ಬೆರಳುಗಳ ನಡುಕ. ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ನಿಲ್ಲುವುದೇ ಇಲ್ಲ. ಆ ಸದ್ದಿನ ನಡುವೆ ಅವರು ದನಿ ತಗ್ಗಿಸಿ, "ಬಾಗಲದಾಗ ಯಾರೋ ನಿಂತಾರ ನೋಡ," ಎನ್ನುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ.

ನಾನು ಮನೆಯಲ್ಲೇ ಹೆಂಗಸರ ಜಂಪರ್ ಹೊಲಿಯುತ್ತೇನೆ. ಒಂದು ದಿನ ಮಷೀನು ಬಿಟ್ಟು ಹತ್ತಿರ ಹೋದರೆ ನನ್ನನ್ನೇ ದಿಟ್ಟಿಸಿ, "ಯಾರ್ ಬೇ ನೀ? ನನ್ನ ಸೊಸಿ ಸೀರಿ ಯಾಕ ಉಟ್ಟಿ?" ಎಂದರು.

ಸೋಮವಾರ ಇದು ಹೆಚ್ಚುತ್ತಿತ್ತು. "ಗಾಳಿ ಬಡದೈತಿ. ಶಿವನ ವಾರಾನ ಅದರ ಆಟ ನಡೀತೈತಿ ಅಂದ್ರ ಸಣ್ಣದಲ್ಲ ಅದು," ಎಂದಳು ಪಕ್ಕದ ಮನೆಯಾಕೆ. ನನ್ನ ಗಂಡ ಅತ್ತೆಯನ್ನು ಊರೂರಿನ ಡಾಕ್ಟರ ಹತ್ತಿರ ತಿರುಗಿಸಿದರು. ನಡುಕಕ್ಕೊಂದು ಗುಳಿಗೆ, ನಿದ್ದೆಗೊಂದು, ತಲೆಗೊಂದು. ಡಬ್ಬಿ ತುಂಬಿತು. ಎಲ್ಲವನ್ನೂ ಹೊತ್ತು ತಪ್ಪದೆ ಕೊಡುತ್ತಿದ್ದವಳು ನಾನೇ. ಕೊಟ್ಟಷ್ಟೂ ಅವರು ನಮ್ಮಿಂದ ದೂರ ಸರಿಯುತ್ತಿದ್ದರು.

ಹೆದರಿಕೆ ತಡೆಯಲಾರದೆ ಒಂದು ನೋಟ್‌ಬುಕ್ ತಂದೆ. ಎದ್ದ ಹೊತ್ತು, ತಿಂದದ್ದು, ನುಂಗಿದ್ದು, ಆಡಿದ ಮಾತು, ಎಲ್ಲವನ್ನೂ ಬರೆದೆ. ಕೆಟ್ಟ ದಿನಕ್ಕೆ ಕೆಂಪು ಪೆನ್ನು. ಪುಟಗಳು ತುಂಬಿದವು, ನನಗೆ ಮಾತ್ರ ಏನೂ ಹೊಳೆಯಲಿಲ್ಲ.

"ಏನ್ ಜಾತಕಾ ಬರಿಯಾಕತ್ತೀ?" ಎಂದು ಗಂಡ ರೇಗಿದರು.

ಒಂದು ಸೋಮವಾರ ಅತ್ತೆ ಎಷ್ಟು ಕರೆದರೂ ಕಣ್ಣು ಬಿಡಲಿಲ್ಲ. ಸೆರಗೆಲ್ಲ ಬೆವರಿನಿಂದ ತೊಯ್ದಿತ್ತು. ಗಂಡ ಗಾಡಿ ತರಲು ಓಡಿದರು. ಪಕ್ಕದ ಮನೆಯಾಕೆ ಗುಡಿಯ ಸಕ್ಕರೆ ತಂದು, "ಬಾಯಿಗೆ ಹಚ್ಚ," ಎಂದಳು. ತುಟಿಯ ಒಳಗೆ ಸವರಿದೆ. ಗಾಡಿ ಬರುವಷ್ಟರಲ್ಲಿ ಅತ್ತೆ ಕಣ್ಣು ತೆರೆದು, "ಯಾಕ ಅಳಾಕತ್ತೀ ಬೇ?" ಎಂದರು.

"ದೇವರು ದೊಡ್ಡಾಂವ," ಎಂದಳಾಕೆ. ನಾನು ನೋಟ್‌ಬುಕ್ಕಿನಲ್ಲಿ "ಸಕ್ಕರೆ" ಎಂದು ಬರೆದೆ. ಬರೆದವಳು ಹಾಗೇ ಹಿಂದಿನ ಪುಟಗಳನ್ನು ತಿರುವಿದೆ. ಬೆಲ್ಲ ಹಾಕಿ ಸಜ್ಜಕ ಮಾಡಿದ ದಿನ ಕೆಂಪು ಇರಲಿಲ್ಲ. ಸೋಮವಾರಗಳೆಲ್ಲ ಕೆಂಪು. ಸೋಮವಾರ ಅವರದು ಒಪ್ಪತ್ತು. ಸಂಜೆಯ ಪೂಜೆಯವರೆಗೆ ಊಟವಿಲ್ಲ, ಆದರೆ ಗುಳಿಗೆ ತಪ್ಪುತ್ತಿರಲಿಲ್ಲ.

ಡಬ್ಬಿಯನ್ನು ನೆಲಕ್ಕೆ ಸುರಿದೆ. ಗುಳಿಗೆ ಹಾಳೆಗಳ ಮೇಲಿನ ಸಣ್ಣ ಅಕ್ಷರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಒಂದೊಂದೇ ಓದಿದೆ. ಎರಡು ಹಾಳೆಗಳ ಮೇಲೆ ಕಣ್ಣು ನಿಂತಿತು. ಒಂದು ಅತ್ತೆಯ ಸಕ್ಕರೆ ಕಾಯಿಲೆಗೆ ಜಮಖಂಡಿಯ ಡಾಕ್ಟರು ಮೊದಲಿನಿಂದ ಕೊಡುತ್ತಿದ್ದದ್ದು. ಇನ್ನೊಂದು ಅತ್ತೆ ಮುಧೋಳದ ಮಗಳ ಮನೆಯಲ್ಲಿದ್ದಾಗ ಅಲ್ಲಿನವರು ಬರೆದದ್ದು. ಹಳೆಯ ಚೀಟಿಯನ್ನು ನಾವು ಅವರಿಗೆ ತೋರಿಸಿಯೇ ಇರಲಿಲ್ಲ. ದೊಡ್ಡ ಅಕ್ಷರದ ಹೆಸರು ಬೇರೆ ಬೇರೆ. ಕೆಳಗೆ ಸಣ್ಣದಾಗಿ ಬರೆದ, ಒಳಗಿನ ಔಷಧದ ಹೆಸರು ಒಂದೇ.

ಆ ಹೊತ್ತು, ಎರಡನ್ನೂ ದಿನಾ ಎಣಿಸಿ ಕೊಟ್ಟ ನನ್ನ ಅಂಗೈಯನ್ನೇ ನೋಡುತ್ತ ಕೂತಿದ್ದೆ.

ಮರುದಿನ ಎರಡೂ ಹಾಳೆ, ನೋಟ್‌ಬುಕ್ ಜಮಖಂಡಿಯ ಡಾಕ್ಟರ ಮುಂದಿಟ್ಟೆ. ಅವರು ಬಹಳ ಹೊತ್ತು ಓದಿದರು.

"ಸಕ್ಕರಿ ಇಳಸೂ ಗುಳಿಗಿ ದುಪ್ಪಟ್ಟ ಹೊಂಟೈತ್ರಿ, ಅದೂ ಬರೀ ಹೊಟ್ಟ್ಯಾಗ. ಇನ್ನೊಂದ ಸೋಮವಾರ ಹಿಂಗ ಆಗಿದ್ರ ನಿಮ್ಮತ್ತಿ ಉಳೀತಿದ್ದಿಲ್ರಿ."

ಮುಧೋಳದ ಗುಳಿಗೆ ಅಂದೇ ನಿಂತಿತು. ನಡುಕದ್ದು, ತಲೆಯದ್ದು, ನಿದ್ದೆಯದ್ದು ಎಂದು ಕೊಡುತ್ತಿದ್ದವನ್ನು ಅವರೇ ಒಂದೊಂದಾಗಿ ಬಿಡಿಸಿದರು. ಡಬ್ಬಿಯಲ್ಲಿ ಕೊನೆಗೆ ಉಳಿದದ್ದು ಎರಡೇ ಬಗೆಯ ಗುಳಿಗೆ. ಅತ್ತೆ ಮರಳಿದರು, ಪೂರ್ತಿ ಅಲ್ಲ. ಆ ತಿಂಗಳುಗಳಲ್ಲಿ ಕೆಲವು ಮಾತು, ಕೆಲವು ಮುಖಗಳು ಅವರಿಂದ ಹೋದವು, ತಿರುಗಿ ಬರಲಿಲ್ಲ. ಮಾಡಿದ್ದು ನಾನೆಂದು ಅವರಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ.

ಈಗ ಬರೆಯುವುದು ಬಿಟ್ಟಿದ್ದೇನೆ. ಅಷ್ಟು ಪುಟಗಳಿಂದ ನನಗೆ ದಕ್ಕಿದ್ದು ಒಂದು ಪ್ರಶ್ನೆ: "ಅತ್ತಿ, ಉಂಡೀರೇನ್ರಿ?"

"ಉಂಡೇನ್ ಬೇ, ಎಷ್ಟ ಸರ್ತಿ ಕೇಳ್ತಿ!" ಎಂದು ಬೇಸರಿಸುತ್ತಾರೆ. ಆದರೂ ಉಂಡ ತಾಟನ್ನು ಕಣ್ಣಾರೆ ನೋಡುವವರೆಗೆ ಗುಳಿಗೆ ಹಿಡಿದ ನನ್ನ ಮುಷ್ಟಿ ಬಿಚ್ಚುವುದಿಲ್ಲ.