ನನಗೆ ಓದಲು ಬಂದ ಖರೀದಿ ಪತ್ರ

ನಮ್ಮವ್ವ ಸಾಯುವ ಮೊದಲು ಒಂದು ಹೊಲ ಬೇಕೆಂದಿದ್ದಳು, ಸತ್ತ ಮೇಲೆ ಮಲಗುವುದಕ್ಕೆ. ಕುರಿ ಹಿಂದೆ ತಿರುಗುವ ನಮಗೆ ಅಂಗೈಯಗಲ ಭೂಮಿ ಇರಲಿಲ್ಲ. ಹೊಲ ಇದ್ದವರು ತಮ್ಮವರನ್ನು ತಮ್ಮ ಬದುವಿನಲ್ಲೇ ಮಣ್ಣು ಮಾಡುತ್ತಿದ್ದರು. ಅವ್ವ ತೀರಿಹೋದ ತನ್ನ ಎರಡು ಕೂಸುಗಳನ್ನು ಕುರಿಹಟ್ಟಿ ಹಾಕಿದ ಕಡೆ, ಕಂಡವರ ಹೊಲದಲ್ಲಿ ಹೂತು ಬಂದಿದ್ದಳು. ಮರುವರ್ಷ ಹೋಗಿ ನೋಡಿದರೆ ಅಲ್ಲಿ ಕುಂಟೆ ಹೊಡೆದು ಜೋಳ ಬಿತ್ತಿದ್ದರು.

"ನನ್ನ ಮ್ಯಾಲ ಯಾರೂ ಕುಂಟಿ ಹೊಡೀಬಾರದು ನೋಡಪಾ" ಎನ್ನುತ್ತಿದ್ದಳು.

ನಿಜಾಮನ ಆಳ್ವಿಕೆ ಹೋಗಿ ಎರಡು ಮೂರು ವರ್ಷವಾಗಿತ್ತು. ಸಗರದ ಕಡೆ ಒಂದು ಹೊಲ ಮಾರಾಟಕ್ಕಿದೆಯೆಂದು ತಿಳಿದು ಅಪ್ಪ ಅರ್ಧ ಹಿಂಡು ಮಾರಿದ. ಖರೀದಿ ಪತ್ರ ಬರೆಯಲು ಯಾರನ್ನು ಹಿಡಿಯಬೇಕೆಂಬುದನ್ನು ನನಗೇ ಬಿಟ್ಟ. ಮನೆಯಲ್ಲಿ ನಾಲ್ಕಕ್ಷರ ಕನ್ನಡ ಕಲಿತವನು ನಾನೊಬ್ಬನೇ. ಇಪ್ಪತ್ತರ ಹರೆಯ, ಮೀಸೆಗಿಂತ ಮೊದಲು ಸೊಕ್ಕು ಬಂದಿತ್ತು.

ಶಹಾಪುರದ ಕಚೇರಿ ಮುಂದೆ ಇಬ್ಬರು ಬರಹಗಾರರಿದ್ದರು. ಬೇವಿನ ಗಿಡದ ಕೆಳಗಿನ ಮುದುಕ ಮುನ್ಷಿ ಉರ್ದುವಿನಲ್ಲಿ ಬರೆಯುವವನು. ಮೊದಲೆಲ್ಲ ಅವನ ಮುಂದೆ ಸರದಿ ಸಿಗುತ್ತಿರಲಿಲ್ಲವಂತೆ, ಈಗ ನೊಣ ಹೊಡೆಯುತ್ತಿದ್ದ. ನಾವು ಕೈಮುಗಿದರೆ ತಲೆ ಎತ್ತದೆ, "ಪಹಣಿ ನಕಲು ಎಲ್ಲ್ಯದ?" ಅಂದ. ಹೊಲದ ಒಡೆಯ ಯಾರು, ಉಳುವವನು ಯಾರು ಎಂದು ಬರೆದಿಟ್ಟ ಸರ್ಕಾರಿ ಕಾಗದ ಅದು.

"ಯಾರೂ ಉಳಾಕತ್ತಿಲ್ರಿ, ಬೀಳು ಬಿದ್ದದ" ಎಂದೆ.

"ಯಾಕ ಬಿದ್ದದ? ಮೊದಲು ಉಳಾವ ಎಲ್ಲಿ ಹೋಗ್ಯಾನ? ಪಟವಾರಿ ಕಡಿಂದ ನಕಲು ತರ್ರಿ. ಅದನ್ನ ಓದಲಾರದ ನಾ ಲೇಖಣಿ ಮುಟ್ಟಾಂಗಿಲ್ಲ."

ನನಗೆ ಮೈ ಉರಿಯಿತು. ಸರ್ಕಾರ ಬದಲಾದರೂ ಇವನ ದರ್ಪ ಇಳಿದಿಲ್ಲ ಅನಿಸಿತು. ನಿಜ ಹೇಳಿಬಿಡುತ್ತೇನೆ: ಆ ದಿನಗಳಲ್ಲಿ ಒಬ್ಬ ಮುಸಲ್ಮಾನ ಮುನ್ಷಿಗೆ ನಾವಿನ್ನೂ ಯಾಕೆ ಕೈಮುಗಿಯಬೇಕೆಂದು ನಮ್ಮ ಹುಡುಗರು ಆಡುತ್ತಿದ್ದರು, ನಾನೂ ಆಡುತ್ತಿದ್ದೆ.

ಎದುರಿನ ಕಟ್ಟೆಯ ಮೇಲೆ ಕನ್ನಡದಲ್ಲಿ ಬರೆಯುವ ಹೊಸಬ ಕೂತಿದ್ದ. "ಬರ್ರಿ, ಕುಂದರ್ರಿ. ನಮ್ಮ ಭಾಷಾದಾಗ ಬರದ್ರ ಮೋಸ ಎಲ್ಲಿಂದ ಆಗ್ತದ? ನೀವೇ ಓದಿಕೋರಿ" ಅಂದ. ಪಹಣಿ ಕೇಳಲಿಲ್ಲ. ಕೇಳಿದ್ದರೂ ಅದು ಉರ್ದುವಿನಲ್ಲಿತ್ತು, ಅವನಿಗೆ ಉರ್ದು ಬರುತ್ತಿರಲಿಲ್ಲ. ಮೋಸಗಾರನಲ್ಲ ಪಾಪ, ಅಕ್ಷರ ಮಾತ್ರ ಮುತ್ತಿನಂಥವು.

"ಆ ಮುನ್ಷಿ ಕೇಳಿದ ಕಾಗದ ಒಮ್ಮಿ ತೋರಿಸೂಣೇನೋ?" ಎಂದು ಅಪ್ಪ ಮೆಲ್ಲಗೆ ಕೇಳಿದ. ನಾನು ಅಪ್ಪನನ್ನೇ ಗದರಿದೆ.

ಪತ್ರವಾದ ದಿನ ಅವ್ವನಿಗೆ ಓದಿ ಹೇಳಿದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಬದುವಿನ ಮೇಲೆ ಒಂದು ಬನ್ನಿಗಿಡ. "ಬನ್ನಿಗಿಡದ ಬುಡಕ್ಕ ನನ್ನ ಹಾಕ್ರಿ" ಅಂದಳು. ಮತ್ತೆ ಓದು ಅಂದಳು. ಅಷ್ಟು ಹೆಮ್ಮೆ ನನಗೆ ಮುಂದೆ ಯಾವತ್ತೂ ಆಗಿಲ್ಲ.

ಬಿತ್ತುವ ಹೊತ್ತಿಗೆ ಯಾರೋ ಒಬ್ಬ ತನ್ನ ಹೆಂಡತಿ, ಎತ್ತುಗಳೊಂದಿಗೆ ಬಂದು ನಮ್ಮ ಹೊಲದಲ್ಲಿ ನಿಂತ. ರಜಾಕಾರರ ಗಲಾಟೆಯಲ್ಲಿ ಸೊಲ್ಲಾಪುರದ ಕಡೆ ಓಡಿಹೋಗಿದ್ದ ಕೌಲುದಾರ ಅವನು. ಹಲವು ವರ್ಷ ಅದನ್ನು ಗೇಣಿಗೆ ಉತ್ತವನು. ನಾನು ಕೊಡಲಿ ಎತ್ತಿದ್ದೆ, ಅಪ್ಪ ಕಸಿದುಕೊಂಡ.

ಆಗ ಪಹಣಿ ನಕಲು ತೆಗೆಸಿ ಮುನ್ಷಿಯ ಮುಂದೆ ಹಿಡಿದೆ. ಅವನು ಒಂದು ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿ ಅವನ ಹೆಸರದ. ಈಗಿನ ಕಾಯ್ದಾದಾಗ ಅವನ್ನ ಬಿಡಿಸಾಕ ಬರಂಗಿಲ್ಲ."

"ಅವತ್ತೇ ಹೇಳಬಾರದಿತ್ತೇನ್ರಿ?"

"ಅವತ್ತು ನೀ ಕಾಗದ ತಂದಿದ್ದೇನು ಮಗನ?" ಅಂದ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊಲ ಕೌಲುದಾರನಿಗೇ ಹೋಯಿತು. ಮಾರಿದವನು ಊರು ಬಿಟ್ಟಿದ್ದ, ಎಷ್ಟು ಹುಡುಕಿದರೂ ಸಿಗಲಿಲ್ಲ. ಉಳಿದ ಕುರಿ ಹೊಡೆದುಕೊಂಡು ಮತ್ತೆ ದಾರಿ ಹಿಡಿದೆವು. ಅವ್ವ ಪತ್ರ ಓದು ಎಂದು ಮತ್ತೆ ಕೇಳಲಿಲ್ಲ.

ಎರಡು ವರ್ಷದ ಮೇಲೆ ಸುರಪುರದ ಹತ್ತಿರ ಹಟ್ಟಿ ಹಾಕಿದಾಗ ಜ್ವರ ಬಂದು ತೀರಿಕೊಂಡಳು. ಹಟ್ಟಿ ಇದ್ದ ಹೊಲದ ಯಜಮಾನನ ಕಾಲು ಹಿಡಿದು ಒಂದು ಮೂಲೆ ಕೇಳಿದೆ. ಒಳ್ಳೆಯವನು, ಇಲ್ಲ ಅನ್ನಲಿಲ್ಲ. ಮಣ್ಣು ಮುಚ್ಚಿ ತಲೆಯ ಕಡೆ ಇಡಲು ನಾನು ಕಲ್ಲು ಹೊತ್ತು ತಂದಾಗ ಹತ್ತಿರ ಬಂದ.

"ಕಲ್ಲು ಬ್ಯಾಡಪಾ" ಅಂದ, "ಬರೂ ವರ್ಷ ಕುಂಟಿಗಿ ಅಡ್ಡ ಬರ್ತದ."

ನಾನು ಕಲ್ಲನ್ನು ಹೊತ್ತು ಹಿಂದಕ್ಕೆ ಒಯ್ದೆ.