ಪ್ಲಾಟಿನಂ ಪದಕ್ಕೊಂದು ಸಾಕ್ಷಿ

ಒಂದು ಪದಕ್ಕೂ ಸಾಕ್ಷಿ ಬೇಕು ಎಂದು ನನಗೆ ತಿಳಿದದ್ದು ಮೈಸೂರಿಗೆ ಬಂದ ಮೇಲೆ. ಇಲ್ಲಿ ವಿಜ್ಞಾನ ಪದಕೋಶದ ಕಚೇರಿಯೊಂದರಲ್ಲಿ ನಾನು ಕಾರ್ಡು ಬರೆಯುವವಳು. ಕಾರ್ಡಿಗೊಂದು ಪದ, ಅರ್ಥ, ಮೂಲ, ಬಳಕೆ. ಬಳಕೆಯ ವಾಕ್ಯವನ್ನು ನಾವು ಕೂತು ಹೊಸೆಯುವಂತಿಲ್ಲ, ಯಾರಾದರೂ ನಿಜವಾಗಿ ಆಡಿರಬೇಕು.

1999ರ ಜುಲೈ 12, ಸೋಮವಾರದವರೆಗಿನ ನನ್ನ ಲೆಕ್ಕ: ಬರೆದದ್ದು ನಲವತ್ತೊಂದು, ಒಪ್ಪಿಗೆಯಾದದ್ದು ನಲವತ್ತು. ‘ಪ್ಲಾಟಿನಂ’ ಕಾರ್ಡನ್ನು ಬಳಕೆಯ ವಾಕ್ಯವಿಲ್ಲವೆಂದು ಸಂಪಾದಕರು ಮೂರು ಸಲ ವಾಪಸು ಕಳಿಸಿದ್ದರು. ಶನಿವಾರದೊಳಗೆ ಅದೂ ಮುಗಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಬೀದರಿಗೆ ವಾಪಸು.

ಇಲ್ಲಿ ಆರು ತಿಂಗಳಲ್ಲಿ ಜೋಳದ ರೊಟ್ಟಿ ತಿಂದದ್ದು ನಾಲ್ಕು ದಿನ. ಬೀದರಿನಲ್ಲಿ ನಾನು ಚೆಂದ ಮಾತಾಡುವವಳು ಅನ್ನಿಸಿಕೊಂಡಿದ್ದೆ. ಕೃಷ್ಣಮೂರ್ತಿಪುರಂನ ಮನೆಯೊಡತಿ ಮಾತ್ರ ನಾನು ಬಾಯಿ ತೆರೆದರೆ ಸಾಕು, “ಅದೆಂಥಾ ಕನ್ನಡ ಕಣಮ್ಮ ನಿಂದು!” ಎಂದು ನಗುತ್ತಾರೆ. ಹಾಗಾಗಿ ಹೊರಗೆ ಕಡಿಮೆ ಮಾತಾಡುತ್ತೇನೆ.

ಪದದ ಮೂಲ ಸುಲಭವಾಗಿ ಸಿಕ್ಕಿತ್ತು. ಸ್ಪ್ಯಾನಿಷಿನಲ್ಲಿ ‘ಪ್ಲಾತಾ’ ಎಂದರೆ ಬೆಳ್ಳಿ, ‘ಪ್ಲಾತಿನಾ’ ಎಂದರೆ ಪುಟ್ಟ ಬೆಳ್ಳಿ. ದಕ್ಷಿಣ ಅಮೆರಿಕದ ಹೊಳೆಗಳಲ್ಲಿ ಚಿನ್ನ ಹುಡುಕುತ್ತಿದ್ದವರು ಜತೆಗೆ ಸಿಗುತ್ತಿದ್ದ ಈ ಬಿಳಿ ಲೋಹವನ್ನು ಹಗುರವಾಗಿ ಕಂಡು ಇಟ್ಟ ಹೆಸರು. ಬಳಕೆಯೇ ಸಿಗಲೊಲ್ಲದು.

ಸ್ಕೂಟರಿನ ಕಿಡಿ ಹೊಡೆಸುವ ಬಿಡಿಭಾಗವನ್ನು ಮೆಕ್ಯಾನಿಕ್‌ಗಳು ಪ್ಲಾಟಿನಂ ಅನ್ನುತ್ತಾರೆಂದು ಕೇಳಿ ಶುಕ್ರವಾರ ಇಲ್ಲಿನ ಉದಯಗಿರಿಯ ಗ್ಯಾರೇಜೊಂದಕ್ಕೆ ಹೋದೆ. ಎರಡು ಗಂಟೆ ಕಾದ ಮೇಲೆ ಮೆಕ್ಯಾನಿಕ್ ಅನ್ವರ್ ಭಾಯಿ ಬಿಚ್ಚಿದ ಸ್ಕೂಟರಿನಿಂದ ತಲೆಯೆತ್ತಿದರು.

“ನೋಡಿ, ಪ್ಲಾಟಿನಂ ಸವ್ದೋಗ್ಬುಟ್ಟಿದೆ.”

“ಇದರಲ್ಲಿ ನಿಜವಾದ ಪ್ಲಾಟಿನಂ ಇದೆಯಾ?”

“ಇದ್ದಿದ್ರೆ ನಾನ್ಯಾಕಮ್ಮ ಇಲ್ಲಿ ಗ್ರೀಸ್ ಒರಸ್ತಾ ಕೂರ್ತಿದ್ದೆ?”

ಅಲ್ಲಿದ್ದವರೆಲ್ಲ ನಕ್ಕರು. ಲೋಹವೇ ಇಲ್ಲದ ವಾಕ್ಯ ಲೋಹದ ಕಾರ್ಡಿಗೆ ಒದಗುವುದಿಲ್ಲ. ಆರು ತಿಂಗಳ ಸಿಟ್ಟೆಲ್ಲ ಒಮ್ಮೆಗೇ ಹೊರಬಂತು: “ಪ್ಲಾಟಿನಂ ಅಂದ್ರ ಆ್ಯಸಿಡ್‌ನಾಗ ಹಾಕಿದ್ರೂ ಜಗ್ಗಂಗಿಲ್ರೀ! ಇದಕ್ಯಾಕ ಆ ಹೆಸರು?”

ಶನಿವಾರ ಸೋತ ಮುಖದಲ್ಲಿ ಸಂಪಾದಕರಿಗೆ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದರು.

“ಆ್ಯಸಿಡ್ ಮಾತು ಯಾರ್ದು?”

“ನಂದೇ ಸರ್, ಸಿಟ್ಟಿನಾಗ ಅಂದದ್ದು.”

“ಸಿಟ್ಟಲ್ಲಿ ಯಾರೂ ವಾಕ್ಯ ಹೊಸೆಯಲ್ಲ ಕಣಮ್ಮ. ಇದೇ ಬಳಕೆ. ಬರೀರಿ, ಒಂದಕ್ಷರ ತಿದ್ಬೇಡಿ.”

ಬರೆದೆ. ಕೊನೆಯಲ್ಲಿ ಮಾತಾಡಿದವರ ಊರು ನಮೂದಿಸಬೇಕಿತ್ತು. ಆಡಿದ್ದು ಮೈಸೂರಿನಲ್ಲಿ, ಆಡಿದ ನಾಲಿಗೆ ಇಲ್ಲಿಯದಲ್ಲ. ಈ ಊರಿನಲ್ಲಿ ಉಳಿಯಲು ನನಗೆ ಅಪ್ಪಣೆ ಕೊಟ್ಟ ಆ ಕಾರ್ಡಿನ ಮೇಲೆ ‘ಬೀದರ್’ ಎಂದಿದೆ.